ಕಾಕಾ ಮತ್ತು ಕಣ್ಣಿಲ್ಲದ ಹುಡುಗಿ

ನಮ್ಮ ಕಾಕಾ ಕನ್ನಡಿ ನೋಡುವಾಗಲೂ ಒಮ್ಮೆ ಹಿಂದೆ ತಿರುಗಿ, ಯಾರೂ ನಿಂತಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವ ಮನುಷ್ಯ! ಕಲಘಟಗಿಯಲ್ಲಿ ಮರದ ತೊಟ್ಟಿಲುಗಳ ಮೇಲೆ ಬಣ್ಣದ ಚಿತ್ರ ಬರೆಯುವುದು ಅವರ ಉದ್ಯೋಗ. ಎರಡು ವರ್ಷದಿಂದ ಬಂದ ಗಿರಾಕಿಗಳನ್ನೆಲ್ಲ ಅನುಮಾನಿಸಿಯೇ ಓಡಿಸಿದ್ದಾರೆ. ಇಂಥವರಿಗೆ ಕಾರ್ಟೂನ್ ಪೋಸ್ಟರಿನ ಕೆಲಸ ಕೊಡಿಸಿದ ನನ್ನ ಬುದ್ಧಿಗೆ ಏನೆನ್ನಬೇಕು?

ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ. ಕಾಕಾನ ಹಳೆಯ ತೊಟ್ಟಿಲುಗಳ ಫೋಟೋ ಮೊಬೈಲಿನಲ್ಲಿ ಹಾಕಿದ್ದೆ. ಅದನ್ನು ನೋಡಿ, ಮಕ್ಕಳ ಕಾರ್ಟೂನ್ ಸರಣಿ ಮಾಡುವ ಕಂಪನಿಯೊಂದು ಫೋನ್ ಮಾಡಿತು. ತೊಟ್ಟಿಲ ಶೈಲಿಯಲ್ಲೇ ಹನ್ನೆರಡು ಪ್ರಚಾರದ ಚಿತ್ರ ಬೇಕಂತೆ. ಶನಿವಾರದೊಳಗೆ ಒಂದು ಕೊಡಬೇಕು, ಅದು ಹಿಡಿಸಿದರೆ ಉಳಿದ ಹನ್ನೊಂದೂ ಕಾಕಾಗೇ!

ಮೊದಲು ಕಥೆಯ ಹುಡುಗಿಯ ನಮೂನೆ ಬಂತು: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ. ಕಾಕಾ ಹುಬ್ಬು ಏರಿಸಿದರು.

"ಇಂಥಾ ಫೋಟೋ ಪೊಲೀಸ್ ಠಾಣೆದಾಗ ತಗೀತಾರ. ಏನ್ ಕಳವು ಮಾಡ್ಯಾಳ ಈ ಹುಡುಗಿ?"

"ಬರಿಯೋರಿಗೆ ಎಲ್ಲಾ ಕಡಿಂದ ಕಾಣ್ಲಿ ಅಂತ ಕೊಟ್ಟಾರ್ರಿ ಕಾಕಾ."

"ಇಷ್ಟ್ ಕಾಣಸೋರು ಏನರ ಮುಚ್ಚಿಟ್ಟಿರ್ತಾರ!"

ಆಮೇಲೆ ಹಾಳೆಯ ರಗಳೆ. ಹುಡುಗಿ ಒಂದು ಹಾಳೆಯಲ್ಲಿ, ಅವಳ ಅವ್ವ ಇನ್ನೊಂದರಲ್ಲಿ, ಅವರ ಎಮ್ಮೆ ಮತ್ತೊಂದರಲ್ಲಿ ಇರಲಿ, ಕಂಪ್ಯೂಟರಿನಲ್ಲಿ ಬೇಕಾದ ಹಾಗೆ ಸರಿಸಿಕೊಳ್ಳುತ್ತೇವೆ ಎಂದಿತು ಕಂಪನಿ. "ಕೂಡಿದ ಮನಿ ಮುರಿಯೂ ಉದ್ಯೋಗ ಇದು!" ಎಂದ ಕಾಕಾ ಒಂದೇ ಹಾಳೆಯಲ್ಲಿ ಎಮ್ಮೆಯ ಹಗ್ಗವನ್ನು ಹುಡುಗಿಯ ಕೈಗೆ ಕೊಟ್ಟು, ಅವ್ವನ ಸೆರಗನ್ನು ಎಮ್ಮೆಯ ಕೊಂಬಿಗೆ ಸಿಕ್ಕಿಸಿ ತಂದರು. ಈಗ ಯಾರು ಬೇರೆ ಮಾಡುತ್ತಾರೆ ನೋಡೋಣ ಎಂಬ ಗತ್ತು ಬೇರೆ! ಬೇರೆ ಬೇರೆ ಹಾಳೆಯಲ್ಲಿ ಮತ್ತೆ ಬರೆಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಸರಣಿಯ ಹೆಸರು ಹಾಕಲು ಮೇಲೆ ಜಾಗ ಬಿಡಿ ಎಂದಿದ್ದರು. ತೊಟ್ಟಿಲ ಹಲಗೆಯಲ್ಲಿ ಬೆರಳಗಲ ಖಾಲಿ ಬಿಡದ ಕಾಕಾ ಬಿಟ್ಟಾರೆಯೇ? "ಖಾಲಿ ಜಾಗಾದಾಗ ಬ್ಯಾರೆಯವ್ರು ತಮ್ಮ ಹೆಸರು ಹೊಡಕೋತಾರ" ಎಂದು ಆಕಾಶದ ತುಂಬ ಗಿಳಿ ಕೂಡಿಸಿದರು. ಪುಣ್ಯಕ್ಕೆ, ನಾನು ಕಳಿಸಿದ ಫೋಟೋ ನೋಡಿ ಕಂಪನಿಯವರು ಗಿಳಿಗಳನ್ನು ಮೆಚ್ಚಿ ಹೆಸರನ್ನು ಕೆಳಗೆ ಇಳಿಸಿದರು.

"ಮೆಚ್ಯಾರ? ಹಂಗಾರ ಖಂಡಿತ ಏನೋ ಐತಿ" ಎಂದರು ಕಾಕಾ.

ಶುಕ್ರವಾರ ಉಳಿದದ್ದು ಹುಡುಗಿಯ ಕಣ್ಣು ಮಾತ್ರ. ತೊಟ್ಟಿಲು ಬರೆಯುವವರು ಕಣ್ಣನ್ನು ಕೊನೆಗೇ ಬರೆಯುವುದು, ಕೂದಲೆಳೆಯಂಥ ಗೆರೆಯ ಕೆಲಸ ಅದು. ಕಾಕಾ ಬಾಗಿಲು ಹಾಕಿಕೊಂಡು ಒಳಗಿಂದಲೇ ಕೂಗಿದರು.

"ಇಕಿ ನಗು ನನಗ ಸರಿ ಕಾಣವಲ್ದು. ಸ್ವಭಾವ ತಿಳೀಲಾರದ ಕಣ್ಣು ಹ್ಯಾಂಗ ಬರೀಲಿ?"

ಶನಿವಾರ ಬೆಳಗಾದರೂ ಅದೇ ರಾಗ. ಈಗ ಸಂಶಯ ನನಗೇ ಅಂಟಿಕೊಂಡಿತು! ಚಿತ್ರವನ್ನು ಬೇರೆ ಯಾರಿಗೋ ಕೊಟ್ಟುಬಿಟ್ಟರೇ? ಹಿತ್ತಲ ಕಿಟಕಿಯಿಂದ ಕಳ್ಳಿಯ ಹಾಗೆ ಇಣುಕಿದೆ.

ಕಾಕಾ ಕುಂಚ ಹಿಡಿದು ಕೂತಿದ್ದರು. ಬಲಗೈ ನಡುಗುತ್ತಿತ್ತು. ಅದನ್ನು ಎಡಗೈಯಿಂದ ಅದುಮಿ ಹಿಡಿದರೂ ನಿಲ್ಲುತ್ತಿರಲಿಲ್ಲ. ನೆಲದ ತುಂಬ ರದ್ದಿ ಹಾಳೆಗಳು, ಅವುಗಳ ಮೇಲೆ ಗೆರೆ ಕದಲಿದ ಕಣ್ಣುಗಳು. ಗಿರಾಕಿಗಳನ್ನು ಓಡಿಸುತ್ತಿದ್ದುದು ಇದಕ್ಕೇ! ಇಷ್ಟು ದಿನ ಅವರನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು.

ಹಿತ್ತಲ ಬಾಗಿಲು ದೂಡಿ ಒಳಗೆ ಹೋದೆ. ಕಾಕಾ ಗಡಬಡಿಸಿ ಕೈಯನ್ನು ಧೋತರದಲ್ಲಿ ಮುಚ್ಚಿದರು.

"ಯಾಕ್ ಬಂದಿ? ಯಾರ್ ಕಳಿಸ್ಯಾರ ನಿನ್ನ?"

ಪಕ್ಕದಲ್ಲಿ ಕೂತು, ಆ ಕೈಯನ್ನು ಹೊರಗೆಳೆದು ಮುಂಗೈ ಗಟ್ಟಿಯಾಗಿ ಹಿಡಿದೆ. ಅವರು ಬಿಡಿಸಿಕೊಳ್ಳಲಿಲ್ಲ.

"ಯಾರಿಗೂ ಹೇಳಬ್ಯಾಡ" ಎಂದರು ಮೆಲ್ಲಗೆ.

"ಹೇಳೂದಿಲ್ರಿ ಕಾಕಾ."

ಖರೇನ ಎಂದು ಮರುಪ್ರಶ್ನೆ ಬರುತ್ತದೆಂದು ಕಾದೆ. ಬರಲಿಲ್ಲ. ಕುಂಚವನ್ನು ಕಪ್ಪಿಗೆ ಅದ್ದಿ, ನನ್ನ ಹಿಡಿತದೊಳಗಿನ ಕೈಯನ್ನು ಹುಡುಗಿಯ ಮುಖದತ್ತ ಒಯ್ದರು.

"ಗಟ್ಟಿ ಹಿಡಿ ಯವ್ವಾ. ಇನ್ನ ಹನ್ನೊಂದು ಬರೀಬೇಕು."