ಆಫೀಸಿನ ಡೈರೆಕ್ಟರಿ ಬದಲಾಯಿಸಿದ್ದು

ಕಂಪ್ಯೂಟರ್ ಕೆಟ್ಟರೆ ರಿಪೇರಿ ಮಾಡಬಹುದು. ಅದರ ಮುಂದೆ ಕೂತವರಿದ್ದಾರಲ್ಲ, ಅವರಿಂದ ನನಗೆ ನಗುವುದಕ್ಕೆ ಏನಾದರೊಂದು ಸಿಗುತ್ತಲೇ ಇರುತ್ತದೆ.

ನಮ್ಮ ಅಕ್ಕಿ ಗಿರಣಿಯ ಹೆಡ್ ಆಫೀಸು ಬಳ್ಳಾರಿ ಕಂಟೋನ್ಮೆಂಟಿನಲ್ಲಿ, ಬ್ರಾಂಚುಗಳು ಸಿರುಗುಪ್ಪ ಮತ್ತು ಕುರುಗೋಡಿನಲ್ಲಿ. ಮೂರೂ ಕಡೆಗೆ ನಾನೊಬ್ಬಳೇ 'ಕಂಪ್ಯೂಟರ್ ಮೇಡಂ'. ಯಾರು ನಮ್ಮವರು, ಯಾರಿಗೆ ಯಾವ ಫೈಲು ತೆರೆಯುವ ಹಕ್ಕಿದೆ ಎಂದು ನೋಡಿ ಒಳಗೆ ಬಿಡುವ ವ್ಯವಸ್ಥೆಗೆ ಡೈರೆಕ್ಟರಿ ಅನ್ನುತ್ತಾರೆ. ಹಳೆಯದು ಯಾವುದೋ ಕಂಪನಿಯದು, ಲೈಸೆನ್ಸ್ ಮುಗಿಯುತ್ತಿತ್ತು. ಲೈಸೆನ್ಸಿಗೆ ದುಡ್ಡು ಕಟ್ಟಬೇಕಿಲ್ಲದ ಓಪನ್ ಸೋರ್ಸ್ ಡೈರೆಕ್ಟರಿ ಹಾಕೋಣ ಎಂದು ಗಿರಣಿಯ ಯಜಮಾನರನ್ನು ಒಪ್ಪಿಸಿದವಳು ನಾನೇ.

"ಆತು ಮಾಡ್ರಿ. ಆದ್ರ ಸುಗ್ಯಾಗ ಒಂದ ಒಂದು ಲಾರಿ ನಿಂತರೂ ನಿಮ್ಮನ್ನ ಕೇಳ್ತೀನಿ" ಅಂದರು.

ಹಳೇದು ತೆಗೆಯುವಾಗ

"ಈ ವಾರ ಹಳೇ ಡೈರೆಕ್ಟರಿ ತಗದುಹಾಕ್ತೀವಿ" ಎಂದು ಹೆಡ್ ಆಫೀಸಿನಲ್ಲಿ ಎಲ್ಲರಿಗೂ ತಿಳಿಸಿದೆ. ಅಕೌಂಟೆಂಟಮ್ಮ ಗಾಬರಿಯಾಗಿ ಓಡಿ ಬಂದರು. ಕಂಕುಳಲ್ಲಿ ದಪ್ಪನೆಯ ಹಳೇ ಟೆಲಿಫೋನ್ ಡೈರೆಕ್ಟರಿ.

"ಮೇಡಂ, ಇದೊಂದು ಬಿಟ್ಟುಬಿಡ್ರಿ."

"ಅಮ್ಮಾ, ನಾ ಹೇಳಿದ್ದು ಇದಲ್ಲ. ಅಲ್ಲಾ, ಈಗ ಇದರಾಗ ಯಾರ ನಂಬರ್ ನೋಡ್ತೀರಿ?"

"ನಂಬರ್ ಯಾರು ನೋಡ್ತಾರ? ಇದರ ಮ್ಯಾಲ ಕುಂತರಷ್ಟ ನನಗ ಕೀಬೋರ್ಡ್ ಎಟಕತೈತಿ!"

ಒಂದೇ ಹೆಸರು

ಡೈರೆಕ್ಟರಿಯಲ್ಲಿ ಇಬ್ಬರಿಗೆ ಒಂದೇ ಹೆಸರು ಇರುವಂತಿಲ್ಲ. ಕುರುಗೋಡಿಗೆ ಹೋಗಿ "ಬಸವರಾಜ ಯಾರ್ರಿ?" ಅಂದರೆ ಮೂವರು ಎದ್ದು ನಿಂತರು. ಒಂದು, ಎರಡು, ಮೂರು ಎಂದು ನಂಬರ್ ಹಾಕೋಣವೆಂದೆ. ಒಬ್ಬರು ಸರ್ವೀಸಿನಲ್ಲಿ ಸೀನಿಯರ್, ಇನ್ನೊಬ್ಬರು ವಯಸ್ಸಿನಲ್ಲಿ. ಎರಡನೆಯವನಾಗಲು ಯಾರೂ ತಯಾರಿಲ್ಲ.

ಸರಿ, ಊರಿನ ಹೆಸರು ಸೇರಿಸೋಣವೆಂದೆ. ಒಬ್ಬರು ಇದೇ ಊರಿನವರು, ಮುಗಿಯಿತು. ಉಳಿದಿಬ್ಬರೂ ಮೋಕದವರು!

"ನಾ ಹುಟ್ಟಿದ್ದ ಮೋಕದಾಗ" ಎಂದು ಒಬ್ಬರು ಎದೆ ತಟ್ಟಿಕೊಂಡರು. "ಇಂವಾ ಬರೇ ಅಳಿಯ ರೀ, ಮನಿಅಳಿಯ."

ಆ ಇನ್ನೊಬ್ಬರಿಗೆ ಸಿಟ್ಟು ಬರಬಹುದೆಂದು ಹೆದರಿದ್ದೆ. ಅವರು ಮಾತ್ರ ಖುಷಿಯಾಗಿ, "ಹಂಗ ಹಾಕ್ರಿ, ಮರ್ಯಾದಿ ಇರತೈತಿ" ಅಂದರು. ಇವತ್ತಿಗೂ ಅವರು ಆಫೀಸಿನ ಕಂಪ್ಯೂಟರ್ ತೆರೆಯುವುದು 'ಮೋಕ ಅಳಿಯ' ಎಂದು ಟೈಪ್ ಮಾಡಿಯೇ.

ಗುಟ್ಟು

ನಮ್ಮ ಕ್ಯಾಷಿಯರ್ ಬಲು ನಿಯತ್ತಿನ ಮನುಷ್ಯ. "ಹೊಸ ಪಾಸ್‌ವರ್ಡ್ ಯಾರು ಕೇಳಿದ್ರೂ ಹೇಳಬ್ಯಾಡ್ರಿ, ನನಗ ಸೈತ" ಎಂದಿದ್ದೆ. ಮರುದಿನ ಮಧ್ಯಾಹ್ನವಾದರೂ ಕೈಕಟ್ಟಿಕೊಂಡು ಕೂತಿದ್ದರು.

"ಯಾಕ್ರೀ, ಮರತ್ರೇನು?"

"ಚಲೋ ನೆನಪೈತಿ." ಕಂಪ್ಯೂಟರ್ ಕಡೆ ಕಣ್ಣು ಹೊರಳಿಸಿ, ದನಿ ತಗ್ಗಿಸಿದರು. "ಮುಂಜಾನಿಂದ ಇದೊಂದು ಕೇಳಾಕತ್ತೈತಿ ರೀ. ನಾ ಇನ್ನೂ ಬಾಯಿ ಬಿಟ್ಟಿಲ್ಲ."

ಸಿರುಗುಪ್ಪದ ಟೈಮು

ಹೊಸ ಡೈರೆಕ್ಟರಿ ಶುರುವಾದ ಬೆಳಗ್ಗೆ ಸಿರುಗುಪ್ಪದ ಮ್ಯಾನೇಜರ್ ಫೋನು. "ಮೇಡಂ, ಒಬ್ಬರನ್ನೂ ಒಳಗ ಬಿಡವಲ್ದು! ದೇಶನೂರಿಂದ ಭತ್ತದ ಲಾರಿ ಬಂದು ನಿಂತಾವ, ತೂಕದ ಚೀಟಿ ಹೊಡ್ಯಾಕ ಬರವಲ್ದು."

ಲಾರಿ ಅನ್ನುವ ಶಬ್ದ ಕೇಳಿಯೇ ಯಜಮಾನರು ನನ್ನ ಪಕ್ಕ ಬಂದು ನಿಂತರು. ಫೋನಿನಲ್ಲೇ ಒಂದೊಂದಾಗಿ ವಿಚಾರಿಸಿದೆ. ಕೇಬಲ್ ಸರಿ, ಪಾಸ್‌ವರ್ಡ್ ಸರಿ. ಆಗ ಹೊಳೆಯಿತು: ಬ್ರಾಂಚಿನ ಗಡಿಯಾರಕ್ಕೂ ಬಳ್ಳಾರಿಯ ಗಡಿಯಾರಕ್ಕೂ ತಾಳೆಯಾಗದಿದ್ದರೆ ಈ ಹೊಸ ವ್ಯವಸ್ಥೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹಳೆಯದು ಹೇಗೋ ಸಹಿಸಿಕೊಂಡಿತ್ತು.

ಸ್ಪೀಕರ್ ಹಾಕಿ ಕೇಳಿದೆ, "ಸಾರ್, ನಿಮ್ಮ ಕಂಪ್ಯೂಟರಿನಾಗ ಟೈಮ್ ಎಷ್ಟು?"

"ಹತ್ತೂವರಿ."

ನಮ್ಮಲ್ಲಿ ಹತ್ತು! "ಯಾರು ಮುಂದ ಇಟ್ಟಾರ?" ಎಂದು ಯಜಮಾನರು ಗುಡುಗಿದರು.

"ಮಂದಿ ಲಗೂ ಬರಲಿ ಅಂತ ನಾನ ಕಾಲು ತಾಸು ಮುಂದಿಟ್ಟಿದ್ದೆ ರೀ..." ಮ್ಯಾನೇಜರ್ ದನಿ ಇಳಿಯಿತು. "ಆದ್ರ ಇದು ಅರ್ಧ ತಾಸು ಹೆಂಗಾತು?"

ಹಿಂದಿನಿಂದ ಗುಮಾಸ್ತರ ಸಣ್ಣ ದನಿ: "ಲಗೂ ಮನಿಗೆ ಹೋಗಾಕ ನಾವು ಇನ್ನೊಂದು ಕಾಲು ತಾಸು ಇಟ್ಟೀವಿ ರೀ."

ಗಡಿಯಾರ ಸರಿಮಾಡಿಸಿದ ಕೂಡಲೇ ಎಲ್ಲರೂ ಒಳಗೆ ಹೋದರು, ಚೀಟಿ ಹೊರಗೆ ಬಂತು, ಲಾರಿ ಕದಲಿತು. ಯಜಮಾನರ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಏನ್ರಿ ಮ್ಯಾನೇಜರ್ರ, ಇದಕ್ಕೇನಂತೀರಿ?"

"ಸಿರುಗುಪ್ಪ ಬ್ರಾಂಚು ಬಳ್ಳಾರಿಗಿಂತ ಮುಂದಿರಬೇಕು ಅಂತ ಪ್ರತಿ ಮೀಟಿಂಗಿನಾಗ ನೀವ ಹೇಳ್ತಿದ್ರಲ್ರೀ ಸಾರ್!"