ಎದುರುಮನೆಯ ತಂಪು

ಲೆಲ್ಯಾಂಡ್ ಕುಬೇನಾನಿಗೆ ಹೆಂಡತಿ ಡೋರೀನ್ ಆ ಶುಕ್ರವಾರ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಹಿಂದಿನ ದಿನವಷ್ಟೇ ಸಾಮಾನು ಇಳಿಸಿದ್ದ ಹೊಸ ಮನೆಗೆ ಕರೆಂಟು ತರಿಸುವುದು.

"ಸಂಜೆ ಆರಕ್ಕೆ ಅಮ್ಮನ್ನ ಕರ್ಕೊಂಡ್ ಬರ್ತೀನಿ. ಮಂಡಿ ಆಪರೇಷನ್ ಆಗಿ ಇನ್ನೂ ಒಂಬತ್ತು ದಿನ. ಸೆಕೆಗೆ ಬಿಡ್ಬೇಡಿ ಅಂದಿದಾರೆ ಡಾಕ್ಟ್ರು. ಅವ್ಳು ಬರೋ ಹೊತ್ತಿಗೆ ಮನೆ ತಣ್ಣಗಿರ್ಬೇಕು. ಇದೊಂದು ಮಾಡ್ತೀಯಾ?" ಎಂದು ಅವಳು ಕಾರಿನ ಕಿಟಕಿ ಇಳಿಸಿ ಕೇಳಿದಳು.

"ಅಯ್ಯೋ, ಇದೇನು ಮಹಾ!" ಎಂದ ಲೆಲ್ಯಾಂಡ್.

ಆ ಮಾತೊಂದನ್ನು ಆಡದಿದ್ದರೆ ಚೆನ್ನಾಗಿತ್ತು. ಹನ್ನೊಂದು ವರ್ಷ ಅವರಿದ್ದ ಹ್ಯೂಸ್ಟನ್ನಿನ ಫ್ಲ್ಯಾಟಿನಲ್ಲಿ ಕರೆಂಟು ಬಾಡಿಗೆಯೊಳಗೇ ಸೇರಿತ್ತು. ಸ್ವಿಚ್ಚು ಒತ್ತಿದರೆ ದೀಪ ಹತ್ತುತ್ತದೆ ಎನ್ನುವಲ್ಲಿಗೆ ಅವನ ತಿಳಿವಳಿಕೆ ಮುಗಿಯುತ್ತಿತ್ತು. ಅತ್ತೆ ವ್ಲಾಸ್ತಾ ಮದುವೆಯ ದಿನವೇ ಮಗಳ ಕಿವಿಯಲ್ಲಿ, ಆದರೆ ಇಡೀ ಸಭೆಗೆ ಕೇಳುವಂತೆ, "ಹುಡುಗ ಒಳ್ಳೆಯವನೇ ಕಣೇ, ಕೈಗೆ ಮಾತ್ರ ಏನೂ ಕೊಡಬೇಡ" ಎಂದಿದ್ದಳು. ಆ ಮಾತು ಸುಳ್ಳೆಂದು ತೋರಿಸಲು ಹನ್ನೊಂದು ವರ್ಷದಿಂದ ಕಾದಿದ್ದವನಿಗೆ ಇವತ್ತು ಅವಕಾಶ ಸಿಕ್ಕಿತ್ತು.

ಬೆಳಿಗ್ಗೆ ಒಂಬತ್ತಕ್ಕೇ ಆಗಸ್ಟಿನ ಬಿಸಿಲು ಸೂರಿನ ಮೇಲೆ ಕೂತಿತ್ತು. ಲೆಲ್ಯಾಂಡ್ ಪಿಕಪ್ ಗಾಡಿಯೊಳಗೆ ಏಸಿ ಹಾಕಿಕೊಂಡು ಕುಳಿತು ಫೋನಿನಲ್ಲಿ ಊರಿನ ಪಿನ್ ಕೋಡು ಒತ್ತಿದ. ಅಲ್ಲಿ ಕರೆಂಟು ಮಾರುವ ಕಂಪನಿಯನ್ನು ಮನೆಯವರೇ ಆರಿಸಿಕೊಳ್ಳಬೇಕು. ನೂರಾ ಮೂವತ್ತಾರು ಯೋಜನೆಗಳು ಸಾಲುಗಟ್ಟಿ ನಿಂತವು. ಒಂದು ಕಂಪನಿ ರಾತ್ರಿಯ ಕರೆಂಟು ಪುಕ್ಕಟೆ ಎಂದಿತು, ಇನ್ನೊಂದು ಭಾನುವಾರದ್ದು. ಮತ್ತೊಂದು ಬರೀ ಗಾಳಿಯಿಂದ ಮಾಡಿದ ಕರೆಂಟನ್ನೇ ಕೊಡುತ್ತೇನೆಂದು ಆಣೆ ಮಾಡಿತು. ಎಲ್ಲರದ್ದೂ ಬರುವುದು ಅದೇ ತಂತಿಯಲ್ಲಿ. ಬಿಲ್ಲಿನ ಮೇಲಿನ ಹೆಸರು ಮಾತ್ರ ಬೇರೆ. ಲೆಲ್ಯಾಂಡನಿಗೆ ತಲೆ ಗಿರ್ರೆಂದಿತು.

ಆಗ ಗಾಡಿಯ ಕಿಟಕಿ ಬಡಿದದ್ದು ಎದುರುಮನೆಯ ರಸ್ಟಿ ಓಡಮ್. ರಿಟೈರಾದ ಮನುಷ್ಯ, ಬೀದಿಯ ವಿಷಯವೆಲ್ಲ ತನ್ನದೇ ಎಂದು ತಿಳಿದವನು. ಆ ಬಿಸಿಲಿನಲ್ಲೂ ದಪ್ಪ ಉಣ್ಣೆ ಸ್ವೆಟರ್ ತೊಟ್ಟಿದ್ದ.

"ಏನ್ ತಮ್ಮಾ, ಕರೆಂಟ್ ಹುಡುಕ್ತಿದೀಯಾ? ಇಳಿ ಇಳಿ, ನಮ್ಮನೆಗ್ ಬಾ."

ರಸ್ಟಿಯ ಮನೆಯೊಳಗೆ ಕಾಲಿಟ್ಟರೆ ಮಾಂಸದಂಗಡಿಯ ಕೋಲ್ಡ್ ರೂಮಿಗೆ ಹೊಕ್ಕಂತಿತ್ತು. ಏಸಿ ಭೋರಿಡುತ್ತಿತ್ತು. ಹಗಲಿನಲ್ಲೇ ಎಲ್ಲ ದೀಪಗಳೂ ಉರಿಯುತ್ತಿದ್ದವು. ಅಡುಗೆಮನೆಯಲ್ಲಿ ಖಾಲಿ ಓವನ್ನು ಬಾಗಿಲು ತೆರೆದುಕೊಂಡು ಕಾಯುತ್ತಿತ್ತು.

"ಓವನ್ ಆಫ್ ಮಾಡೋದು ಮರ್ತಿದೀರಾ ಸಾರ್."

"ಮುಟ್ಬೇಡ!" ರಸ್ಟಿ ಕಿರುಚಿದ. "ಇವತ್ತು ನನ್ ಬಿಲ್ಲಿನ ತಿಂಗಳ ಕೊನೇ ದಿನ. ಸಾವಿರ ಯೂನಿಟ್ ಮುಟ್ಟಿದ್ರೆ ನೂರು ಡಾಲರ್ ಸೋಡಿ. ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತ್ರೆ ಮೂರು ಕಾಸಿಲ್ಲ. ಇನ್ನೂ ನಲವತ್ತೊಂದು ಯೂನಿಟ್ ಸುಡ್ಬೇಕು. ನಾಲ್ಕು ವರ್ಷದಿಂದ ಒಂದ್ ತಿಂಗಳೂ ತಪ್ಪಿಲ್ಲ, ಗೊತ್ತಾ? ನೀನೂ ಇದೇ ಕಂಪನಿಗೆ ಸೇರು. ನನ್ ಹೆಸರು ಹೇಳು, ನಂಗೂ ಏನೋ ಒಂದು ಬರತ್ತೆ."

ಬೀಳ್ಕೊಡುವಾಗ ರಸ್ಟಿ ದನಿ ತಗ್ಗಿಸಿ ಬುದ್ಧಿ ಹೇಳಿದ. "ಒಂದ್ ಮಾತು ತಿಳ್ಕೋ. ಈ ಬೀದೀಲಿ ಕೈಯಲ್ಲಿ ಚೀಟಿ ಹಿಡ್ಕೊಂಡ್ ಬರೋರೆಲ್ಲ ಯಾವುದಾದ್ರೂ ಕಂಪನಿ ದಲ್ಲಾಳಿಗಳೇ. ನಂಬ್ಬೇಡ."

ಲೆಲ್ಯಾಂಡ್ ಬೀದಿ ದಾಟಿ ತನ್ನ ಮನೆಗೆ ಬರುತ್ತಿದ್ದಾಗ ಪಕ್ಕದ ಮನೆಯ ಜಗಲಿಯಿಂದ ಒಬ್ಬ ಮುದುಕಿ ಕೈಬೀಸಿ ಕರೆದಳು. ಮಿಸ್ ಅರ್ನೆಸ್ಟೀನ್ ಎಂದರೆ ಬೀದಿಗೆಲ್ಲ ಹಿರಿಯಳು. "ಮಗಾ, ಬಾ ಇಲ್ಲಿ. ಕರೆಂಟಿನ ವಿಷ್ಯ..." ಬೀಸಿದ ಕೈಯಲ್ಲಿ ಒಂದು ಚೀಟಿ ಇತ್ತು.

"ಆಮೇಲ್ ಬರ್ತೀನಿ ಮೇಡಂ!" ಎಂದವನೇ ಲೆಲ್ಯಾಂಡ್ ಮನೆಯೊಳಗೆ ನುಗ್ಗಿದ. ಒಬ್ಬ ದಲ್ಲಾಳಿಯಿಂದ ಪಾರಾದೆ ಎಂದು ಅವನಿಗೆ ಹೆಮ್ಮೆಯೇ ಆಯಿತು.

ರಸ್ಟಿಯ ಕಂಪನಿಗೆ ಫೋನು ಮಾಡಿದ. ಅರ್ಧ ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗ ಸಿಕ್ಕಿ, "ಸಾರ್, ನಾಲ್ಕುನೂರ ಹದಿನೇಳನೇ ನಂಬರ್ ಮನೆ ನಮ್ ಪಟ್ಟೀಲಿ ಬರ್ತಾ ಇಲ್ವಲ್ಲ" ಎಂದ.

"ಮನೆಯೊಳಗೇ ನಿಂತಿದೀನಪ್ಪಾ!"

"ನೀವು ನಿಂತಿರ್ಬೋದು ಸಾರ್, ಪಟ್ಟೀಲಿಲ್ಲ."

ಹನ್ನೆರಡಾಯಿತು. ಮನೆಯೊಳಗಿನ ಗಾಳಿ ಬೇಯತೊಡಗಿತ್ತು. ರಸ್ಟಿಯ ಪಕ್ಕದ ಮನೆಯ ಯೋಲಾಂಡಾ ಗಾರ್ಸಾ ಸುದ್ದಿ ತಿಳಿದು ತಾನೇ ಬಂದಳು. ಬೆವರಿನಲ್ಲಿ ಮಿಂದಿದ್ದಳು, ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಆ ರಸ್ಟಿ ಮಾತ್ ಕೇಳ್ತೀರಾ? ಬೇಸಿಗೇಲಿ ಓವನ್ ಉರಿಸೋ ಗಂಡಸು! ನಮ್ ಕಂಪನಿಗ್ ಸೇರಿ. ಶುಕ್ರವಾರ ಸಂಜೆ ಎಂಟರಿಂದ ಭಾನುವಾರ ರಾತ್ರೀವರ್ಗೂ ಎಲ್ಲಾ ಪುಕ್ಕಟೆ."

"ಮಿಕ್ಕ ದಿನ?"

"ಮಿಕ್ಕ ದಿನ ಮೇನ್ ಸ್ವಿಚ್ ಹತ್ರ ನಾನೇ ಕಾವಲು. ಫ್ರಿಜ್ ಬಿಟ್ರೆ ಏನೂ ಹಾಕಲ್ಲ. ಹದಿನಾರು ಬುಟ್ಟಿ ಬಟ್ಟೆ ಗುಡ್ಡೆ ಬಿದ್ದಿದೆ. ಎಂಟು ಹೊಡೀಲಿ, ನೋಡಿ ಹಬ್ಬಾನ!"

ಆ ಕಂಪನಿಯ ಹೆಂಗಸೂ ಅದನ್ನೇ ಹೇಳಿದಳು. ಪಟ್ಟಿಯಲ್ಲಿ ಇಲ್ಲ. ಯೋಲಾಂಡಾ ಫೋನು ಕಿತ್ತುಕೊಂಡು ಇಂಗ್ಲಿಷಿನಲ್ಲೂ ಸ್ಪ್ಯಾನಿಷಿನಲ್ಲೂ ಜಗಳವಾಡಿದಳು. ಗಲಾಟೆ ಕೇಳಿ ರಸ್ಟಿ ಬಂದ. "ನನ್ ಗಿರಾಕೀನ ಎಗರಿಸ್ತೀಯಾ?" ಎಂದು ಅವನು, "ಗಿರಾಕಿ ಮೇಲೆ ನಿನ್ ಹೆಸರು ಬರ್ದಿದೆಯಾ?" ಎಂದು ಇವಳು. ಇಬ್ಬರ ನಡುವೆ ಲೆಲ್ಯಾಂಡ್ ಗಡಿಯಾರ ನೋಡುತ್ತ ನಿಂತ. ಎರಡೂವರೆ.

ಜಗಳ ಅವರ ಮನೆಗಳ ಕಡೆಗೆ ಸರಿದ ಮೇಲೆ ಮತ್ತೆ ಬಾಗಿಲು ತಟ್ಟಿದ ಸದ್ದಾಯಿತು. ಲೆಲ್ಯಾಂಡ್ ಕಿಂಡಿಯಲ್ಲಿ ನೋಡಿದ. ಮಿಸ್ ಅರ್ನೆಸ್ಟೀನ್! ಊರುಗೋಲು, ತಲೆಗೊಂದು ಹ್ಯಾಟು, ಕೈಯಲ್ಲಿ ಅದೇ ಚೀಟಿ. ಈ ವಯಸ್ಸಿನಲ್ಲೂ ದಲ್ಲಾಳಿತನ ಬಿಡಲಿಲ್ಲವಲ್ಲ ಎಂದುಕೊಂಡು ಅವನು ಸಾಮಾನಿನ ಪೆಟ್ಟಿಗೆಗಳ ಹಿಂದೆ ಕುಕ್ಕರುಗಾಲಲ್ಲಿ ಅಡಗಿದ. ಐದು ನಿಮಿಷ ತಟ್ಟಿ, "ಒಳಗಿದೀಯ ಅಂತ ಗೊತ್ತು ಮಗಾ, ಕಿಟಕೀಲಿ ಬೂಟು ಕಾಣ್ತಿದೆ. ನಾಲ್ಕರೊಳಗೆ ಬಂದ್ ನೋಡು" ಎಂದು ಹೇಳಿ ಅವಳು ಹೊರಟುಹೋದಳು. ನಾಲ್ಕರೊಳಗೆ ಸೇರಿದರೆ ಏನೋ ರಿಯಾಯಿತಿ ಇರಬೇಕು ಎಂದುಕೊಂಡ ಲೆಲ್ಯಾಂಡ್.

ಮೂರನೆಯ ಕಂಪನಿ ಇಲ್ಲವೆಂದಿತು. ನಾಲ್ಕನೆಯದೂ ಇಲ್ಲವೆಂದಿತು. ಅವತ್ತೇ ಕರೆಂಟು ಬೇಕಾದರೆ ಐದು ಗಂಟೆಯೊಳಗೆ ಹೆಸರು ಬರೆಸಬೇಕು ಎಂದು ಎಲ್ಲರೂ ತಪ್ಪದೆ ಹೇಳಿದರು. ಅಂಗಿ ಮೈಗಂಟಿತು. ಡೋರೀನಳ ಸಂದೇಶ ಬಂತು: 'ಹೊರಟ್ವಿ. ಅಮ್ಮ ನಿನಗಂತ ಗಸಗಸೆ ಕೊಲಾಚಿ ಬನ್ನು ಮಾಡಿಸಿದಾಳೆ. ಮನೆ ತಣ್ಣಗಾಯ್ತಾ?' ಲೆಲ್ಯಾಂಡ್ 'ಆಗ್ತಾ ಇದೆ' ಎಂದು ಉತ್ತರ ಒತ್ತಿದ. ಸುಳ್ಳು ಹೇಳಿದ ಮೇಲೆ ಇನ್ನಷ್ಟು ಬೆವರಿತು.

ಐದಕ್ಕೆ ಹತ್ತು ನಿಮಿಷವಿರುವಾಗ ಐದನೆಯ ಕಂಪನಿಯಲ್ಲಿ ಜೇನಿನಂಥ ದನಿಯ ಹುಡುಗಿಯೊಬ್ಬಳು ಸಿಕ್ಕಿದಳು.

"ನಾಲ್ಕುನೂರ ಹದಿನೇಳು ಬರ್ತಿಲ್ಲ ಸಾರ್. ಆದ್ರೆ ನಾಲ್ಕುನೂರ ಹದಿನಾರು ಬರ್ತಿದೆ, ಅದೇ ಬೀದಿ. ಒಂದೊಂದ್ಸಲ ನಂಬರ್ ತಪ್ಪಾಗಿ ಹತ್ತಿರತ್ತೆ. ಅದೇ ನಿಮ್ದಿರ್ಬೋದಾ?"

ತಡೆದು ಯೋಚಿಸುವ ಮನುಷ್ಯನಾದರೆ ಒಂದು ಸಲ ಹೊರಗೆ ಹೋಗಿ ನೋಡುತ್ತಿದ್ದ. ಲೆಲ್ಯಾಂಡನ ಕಣ್ಣ ಮುಂದೆ ಅತ್ತೆಯ ಮುಖವಿತ್ತು. "ಅದೇ ಇರ್ಬೇಕಮ್ಮಾ, ಹಾಕ್ಬಿಡು!"

"ಎರಡು ವರ್ಷದ ಒಪ್ಪಂದ ಸಾರ್, ಮಧ್ಯೆ ಬಿಟ್ರೆ ದಂಡ."

"ಹಾಕಮ್ಮಾ ತಾಯಿ!"

ಐದೂವರೆಗೆ ಫೋನು ಕಿಣಿ ಎಂದಿತು: 'ಅಭಿನಂದನೆಗಳು! ನಿಮ್ಮ ಕರೆಂಟು ಈಗ ಚಾಲೂ ಆಗಿದೆ.' ಲೆಲ್ಯಾಂಡ್ ಕುಣಿದೇಬಿಟ್ಟ. ಓಡಿಹೋಗಿ ಸ್ವಿಚ್ಚು ಒತ್ತಿದ. ದೀಪ ಹತ್ತಲಿಲ್ಲ. ಇನ್ನೊಂದು ಒತ್ತಿದ. ಮನೆಯಲ್ಲಿದ್ದ ಅಷ್ಟೂ ಸ್ವಿಚ್ಚು ಒತ್ತಿದ. ಮೀಟರು ನೋಡಲು ಹಿತ್ತಲಿಗೆ ಓಡಿದರೆ ಅಲ್ಲಿ ಬೇಲಿಯಾಚೆ ಮಿಸ್ ಅರ್ನೆಸ್ಟೀನ್ ಗಿಡಗಳಿಗೆ ನೀರು ಹಾಕುತ್ತಿದ್ದಳು. ಅಡಗಲು ಪೆಟ್ಟಿಗೆ ಇರಲಿಲ್ಲ.

"ಈಗ ಸಿಕ್ಕಿದೆ ನೋಡು," ಎಂದಳು ಮುದುಕಿ. "ಬೆಳಿಗ್ಗೆಯಿಂದ ಕರೀತಿದೀನಿ, ಸ್ನಾನಕ್ಕೆ ಹೆದರಿದ ಮಗು ಥರ ಓಡ್ತೀಯಲ್ಲೋ. ಆ ಕಂಬಗಳನ್ನ ನೋಡಿದೀಯಾ? ಆ ಕಡೆ ಒಂದು ಸಾಲು, ಈ ಕಡೆ ಇನ್ನೊಂದು ಸಾಲು. ಒಂದೇ ಬೀದಿಗೆ ಎರಡು ಸಾಲು ಯಾಕೆ ಅಂತ ಅನ್ನಿಸ್ಲಿಲ್ವಾ?"

ಅನ್ನಿಸಿರಲಿಲ್ಲ.

"ಆರಿಸೋದು, ಬಿಡೋದು, ಪುಕ್ಕಟೆ ಭಾನುವಾರ, ಅದೆಲ್ಲ ಆ ಕಡೆಯೋರಿಗೆ. ಈ ಕಡೆ ಏಳು ಮನೆ ಹಳೇ ರೈತರ ಸಹಕಾರ ಸಂಘದ್ದು. ಒಂದೇ ಸಂಘ, ಒಂದೇ ರೇಟು. ಒಂದು ಫೋನ್ ಮಾಡಿದ್ರೆ ಗಂಟೆಯೊಳಗೆ ಕೊಡ್ತಾರೆ. ತಗೋ, ನಂಬರು." ಚೀಟಿ ಬೇಲಿಯಾಚೆಯಿಂದ ಬಂತು.

ಲೆಲ್ಯಾಂಡ್ ಫೋನು ತೆಗೆದ.

"ಈಗ ಮಾಡಿ ಏನ್ ಬಂತು? ಶುಕ್ರವಾರ ಆಫೀಸ್ ನಾಲ್ಕಕ್ಕೇ ಮುಚ್ತಾರೆ. ಇನ್ನು ಸೋಮವಾರ ಬೆಳಿಗ್ಗೆ."

ಅಷ್ಟರಲ್ಲಿ ಮನೆಯ ಮುಂದೆ ಕಾರು ನಿಂತ ಸದ್ದಾಯಿತು. ಲೆಲ್ಯಾಂಡ್ ಮುಂಬಾಗಿಲಿಗೆ ಓಡಿದ. ಅತ್ತೆ ವ್ಲಾಸ್ತಾ ವಾಕರ್ ಹಿಡಿದು ಹೊಸ್ತಿಲವರೆಗೆ ಬಂದಳು, ಒಳಗಿನ ಬಿಸಿ ಮುಖಕ್ಕೆ ಹೊಡೆಯಿತು, ಅಲ್ಲೇ ನಿಂತಳು. ಮಗಳ ಕಡೆ ಒಮ್ಮೆ ನೋಡಿದಳಷ್ಟೇ. ಡೋರೀನ್, "ಒಂದೇ ಒಂದು ಕೆಲಸ ಹೇಳಿದ್ದೆ ಲೆಲ್ಯಾಂಡ್" ಎಂದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗ ಬೀದಿಯ ಆಚೆಯಿಂದ ಸ್ವೆಟರ್ ತೊಟ್ಟ ರಸ್ಟಿ ಓಡೋಡಿ ಬಂದ. "ಅಮ್ಮಾವ್ರೇ, ಈ ಕುಲುಮೇಲಿ ಯಾಕ್ ನಿಂತಿದೀರಿ? ನಮ್ಮನೆಗ್ ಬನ್ನಿ! ಸೋಮವಾರದವರ್ಗೂ ಇರಿ! ಜನ ಹೆಚ್ಚಾದಷ್ಟೂ ನಂಗೆ ಒಳ್ಳೇದು, ಇನ್ನೂ ಹದಿನೆಂಟು ಯೂನಿಟ್ ಸುಡ್ಬೇಕು!"

ಎಲ್ಲರೂ ಹೋದರು. ವ್ಲಾಸ್ತಾ ಮೆತ್ತನೆ ಕುರ್ಚಿಯಲ್ಲಿ ಕಾಲು ನೀಡಿ ಕುಳಿತಳು. ಹೊದಿಕೆ ಬಂತು, ಬಿಸಿ ಕಾಫಿ ಬಂತು. ರಸ್ಟಿ ನಡುಮನೆಯ ಟೀವಿ, ಕೋಣೆಯ ಟೀವಿ, ಬಟ್ಟೆ ಒಣಗಿಸುವ ಯಂತ್ರ ಎಲ್ಲವನ್ನೂ ಹಾಕಿದ. ಕೊನೆಗೆ ಗ್ಯಾರೇಜಿನ ಹಳೆಯ ಫ್ರೀಜರಿಗೂ ಜೀವ ಕೊಟ್ಟು ಬಂದ.

"ಗಂಡಸು ಅಂದ್ರೆ ಹೀಗಿರ್ಬೇಕು ನೋಡಿ ಅಳಿಯಂದ್ರೇ," ಎಂದಳು ಅತ್ತೆ, ಅಳಿಯನಿಗೆಂದು ತಂದ ಗಸಗಸೆ ಕೊಲಾಚಿಯ ಡಬ್ಬಿಯನ್ನು ರಸ್ಟಿಯ ಮುಂದಿಡುತ್ತ. "ಮನೆ ಎಷ್ಟು ತಂಪಾಗಿ ಇಟ್ಕೊಂಡಿದಾರೆ!"

ಲೆಲ್ಯಾಂಡನ ಜೇಬಿನಲ್ಲಿ ಫೋನು ಕಿಣಿ ಎಂದಿತು. ಐದನೆಯ ಕಂಪನಿ ಮತ್ತೆ ಬರೆದಿತ್ತು: 'ಪ್ರಿಯ ಲೆಲ್ಯಾಂಡ್, ನಾಲ್ಕುನೂರ ಹದಿನಾರನೇ ನಂಬರಿನ ನಿಮ್ಮ ಮನೆಯಲ್ಲಿ ಕರೆಂಟು ವಿಪರೀತ ಖರ್ಚಾಗುತ್ತಿದೆ. ಓವನ್ನು ಹಾಕಿಟ್ಟು ಮರೆತಿದ್ದೀರಾ?'

ಅವನು ಮೆಲ್ಲನೆ ಎದ್ದು ಕಿಟಕಿಯಲ್ಲಿ ನೋಡಿದ. ರಸ್ಟಿಯ ಅಂಚೆಪೆಟ್ಟಿಗೆ ಬೇಲಿಯ ಪಕ್ಕ ನಿಂತಿತ್ತು. ಅದರ ಮೇಲೆ ದಪ್ಪ ಬಿಳಿ ಅಂಕಿಗಳಲ್ಲಿ ನಾಲ್ಕುನೂರ ಹದಿನಾರು ಎಂದು ಬರೆದಿತ್ತು.

"ಇದೇನಿದು!" ಹಿಂದಿನಿಂದ ರಸ್ಟಿಯ ದನಿ ಬಂತು. ಯೂನಿಟ್ ಲೆಕ್ಕ ತೋರಿಸುವ ತನ್ನ ಫೋನನ್ನು ಅಂಗೈಗೆ ಬಡಿಯುತ್ತಿದ್ದ. "ಐದೂವರೆಯಿಂದ ನನ್ ಲೆಕ್ಕ ಒಂಬೈನೂರ ಎಂಬತ್ತೆರಡಕ್ಕೇ ನಿಂತ್ಬಿಟ್ಟಿದೆ! ಇಷ್ಟೆಲ್ಲ ಉರೀತಿದೆ, ಒಂದ್ ಯೂನಿಟ್ಟೂ ಏರ್ತಿಲ್ವಲ್ಲ! ತಮ್ಮಾ, ನಿಂತ್ಕೊಂಡ್ ಏನ್ ನೋಡ್ತಿದೀಯಾ? ಆ ಇಸ್ತ್ರಿಪೆಟ್ಟಿಗೇನೂ ಒಂಚೂರು ಹಾಕು."

ಲೆಲ್ಯಾಂಡ್ ಹೆಂಡತಿಯನ್ನು ನೋಡಿದ, ಅತ್ತೆಯನ್ನು ನೋಡಿದ. ಆಮೇಲೆ ಹೋಗಿ ಇಸ್ತ್ರಿಪೆಟ್ಟಿಗೆ ಹಾಕಿದ.