ಸದ್ದಲ್ಲಿ ಏನೋ ಇದೆ

ಭಾನುವಾರ ಬೆಳಿಗ್ಗೆ ಭೂಗೋಳದ ಮೇಷ್ಟ್ರ ಹಳೇ ಬೈಕು ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಲ್ಲಿಗೇ ಅದನ್ನು ಆಫ್ ಮಾಡಿ, ಒಳಗೆ ಹೋಗಿ ಕಾಫಿ ಕುಡಿದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಮೆಟ್ಟಿಲ ಮೇಲೆ ಪೇಪರ್ ಓದುತ್ತಿದ್ದ ರಿಟೈರ್ಡ್ ರೈಲು ಡ್ರೈವರ್ರು ತಲೆ ಕೂಡ ಎತ್ತದೆ, "ಸದ್ದಲ್ಲಿ ಏನೋ ಇದೆ ಮೇಷ್ಟ್ರೇ," ಅಂದುಬಿಟ್ಟರು.

"ಏನಿದೆ?"

"ಏನೋ ಇದೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಬೈಕು ಅವರದಲ್ಲ, ಮಾವನದು. ಮೂವತ್ತು ವರ್ಷ ಓಡಿಸಿ, ಮಂಡಿನೋವು ಬಂದ ಮೇಲೆ, "ಸದ್ಯಕ್ಕೆ ನಿಮ್ಮ ಹತ್ತಿರ ಇರಲಿ" ಎಂದು ಬಿಟ್ಟುಹೋಗಿದ್ದರು. ಆ ಸದ್ಯಕ್ಕೆ ಇವತ್ತೇ ಕೊನೆ. ಸಂಜೆ ಐದರ ರೈಲಿಗೆ ಮಾವ ಬರುವವರಿದ್ದರು. ಸ್ಟೇಷನ್ನಿಗೆ ಬೈಕಿನಲ್ಲೇ ಬರಬೇಕು, ನೋಡಿಕೊಂಡು ಯಾವ ಅಳಿಯನಿಗೆ ಕೊಡುವುದೆಂದು ತೀರ್ಮಾನಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದರು. ಇನ್ನೊಬ್ಬ, ದೊಡ್ಡ ಅಳಿಯನೆಂದರೆ ಮೇಷ್ಟ್ರ ಷಡ್ಡಕ. ಬೈಕು ಕೈಗೆ ಬರುವ ಮೊದಲೇ ಅದಕ್ಕೊಂದು ಕವರು ಹೊಲಿಸಿಟ್ಟುಕೊಂಡಿದ್ದ ಭೂಪ. ಆ ಕವರು ನೆನಪಾದರೆ ಸಾಕು, ಮೇಷ್ಟ್ರ ಹೊಟ್ಟೆ ಉರಿಯುತ್ತಿತ್ತು.

ಡ್ರೈವರ್ರು ಪೇಪರ್ ಮಡಿಸಿಟ್ಟು ಬಂದೇಬಿಟ್ಟರು. "ಕಾರ್ಬುರೇಟರ್ ಒಳಗೆ ಜೆಟ್ ಅಂತ ಇರುತ್ತೆ. ಚೋಟುದ್ದ ಹಿತ್ತಾಳೆ, ನಡುವೆ ತೂತು. ತೂತು ದೊಡ್ಡದಾದ್ರೆ ಪೆಟ್ರೋಲು ಜಾಸ್ತಿ ಹೋಗಿ ಪ್ಲಗ್ಗು ಕಪ್ಪಾಗುತ್ತೆ. ಚಿಕ್ಕದಾದ್ರೆ ಬೆಳ್ಳಗಾಗುತ್ತೆ. ಬಿಸ್ಕತ್ತಿನ ಬಣ್ಣ ಬಂದ್ರೆ ಸರಿ. ರಸ್ತೆ ತುದಿವರೆಗೆ ಫುಲ್ ಕೊಟ್ಟು ಹೋಗಿ, ಅಲ್ಲೇ ಇಂಜಿನ್ ಆಫ್ ಮಾಡಿ ತಳ್ಕೊಂಡು ಬನ್ನಿ. ಪ್ಲಗ್ಗು ಬಿಚ್ಚಿ ನೋಡೋಣ."

ಮೇಷ್ಟ್ರು ಹೊರಟಾಗ ಮೂಲೆಮನೆಯ ಟೈಲರು ಗೇಟಿನ ಹತ್ತಿರ ನಿಂತು ಅವರ ಹೆಂಡತಿಯ ಜೊತೆ ಮಾತಾಡುತ್ತಿದ್ದ. ಅವರು ಏದುಸಿರು ಬಿಡುತ್ತ ಬೈಕು ತಳ್ಳಿಕೊಂಡು ಬಂದಾಗ ಹೆಂಡತಿ, "ರೀ, ಟೈಲರ್ ಬಂದಿದ್ರು..." ಎಂದು ಶುರು ಮಾಡಿದಳು.

"ಆಮೇಲೆ ಹೇಳೇ. ಪ್ಯಾಂಟು ಎಲ್ಲಿಗೂ ಓಡಿಹೋಗಲ್ಲ."

ಕೊಳವೆಯಂಥ ಸ್ಪ್ಯಾನರು ತೂರಿಸಿ ಪ್ಲಗ್ಗು ಬಿಚ್ಚಿದರು. ಸುಡುತ್ತಿದ್ದ ಸ್ಪ್ಯಾನರನ್ನು ಹಾಗೇ ತಮ್ಮ ಮನೆ ಮೆಟ್ಟಿಲ ಮೇಲಿದ್ದ ಟೂಲ್ ಡಬ್ಬದೊಳಗೆ ಇಟ್ಟು, ಬಗ್ಗಿ ಕಾರ್ಬುರೇಟರಿಗೆ ಕೈ ಹಾಕಿದರು. ಡ್ರೈವರ್ರು ಕನ್ನಡಕ ಏರಿಸಿ ಡಬ್ಬದಿಂದ ಪ್ಲಗ್ಗು ಎತ್ತಿಕೊಂಡರು.

"ಇದ್ದಿಲು. ನಾನು ಹೇಳಲಿಲ್ವಾ?"

"ಇಷ್ಟು ಬೇಗ ಆರಿತಾ ಅದು?"

"ಹಳೇ ಕಾಲದ ಮಾಲು. ಬೇಗ ಕಾಯುತ್ತೆ, ಬೇಗ ಆರುತ್ತೆ."

ಮಾವ ಟೂಲ್ ಡಬ್ಬದಲ್ಲಿ ಬಿಟ್ಟಿದ್ದ ಪೊಟ್ಟಣದಲ್ಲಿ ಮೂರು ಜೆಟ್ಟುಗಳಿದ್ದವು, ಒಂದಕ್ಕಿಂತ ಒಂದು ಸಣ್ಣದು. ಮೇಷ್ಟ್ರು ಮೊದಲನೆಯದನ್ನು ಹಾಕಿ ಸ್ಪ್ಯಾನರು ಎತ್ತಿಕೊಂಡರೆ ಪ್ಲಗ್ಗು ಕೊಳವೆಯೊಳಗೇ ಕೂತಿತ್ತು. ಡ್ರೈವರ್ರು ಎಷ್ಟು ಅಚ್ಚುಕಟ್ಟು, ನೋಡಿ ಮತ್ತೆ ಸಿಕ್ಕಿಸಿಟ್ಟಿದ್ದಾರೆ ಎಂದು ಮೆಚ್ಚಿಕೊಂಡೇ ಅದನ್ನು ತಿರುಗಿಸಿದರು.

ಎರಡನೇ ಸಲವೂ ಇದ್ದಿಲೇ. ಅಷ್ಟರಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಎದುರು ಮನೆಯ ಕಾಂಪೌಂಡರು ಬಂದು, ಪ್ಲಗ್ಗನ್ನು ಬೆಳಕಿಗೆ ಹಿಡಿದು, ರೋಗಿಯ ನಾಲಿಗೆ ನೋಡುವ ಹಾಗೆ ನೋಡಿದರು.

"ಡೋಸ್ ಸಾಲಲಿಲ್ಲ. ಇನ್ನೂ ಚಿಕ್ಕದು ಹಾಕಿ."

ಹಾಕಿದರು. ಈ ಸಲ ಬೈಕು ಅರ್ಧ ರಸ್ತೆಯಲ್ಲೇ ಮುಕ್ಕರಿಯತೊಡಗಿತು. ಇಂಜಿನ್ನು ಟಣಟಣ ಎಂದಿತು, ತೊಡೆಗೆ ಬಿಸಿ ಬಡಿಯಿತು. ತಳ್ಳಿಕೊಂಡು ಬಂದು ನೋಡಿಸಿದರೆ ಪ್ಲಗ್ಗು ಅದೇ ಇದ್ದಿಲು.

"ಅಲ್ಲಾ ಸಾರ್," ಮೇಷ್ಟ್ರು ಬೆವರು ಒರೆಸಿಕೊಂಡರು, "ಹೊಟ್ಟೆಗಿಲ್ಲದವರ ಥರ ಒದ್ದಾಡ್ತಿದೆ ಇದು. ನೀವು ನೋಡಿದ್ರೆ ಅಜೀರ್ಣ ಅಂತೀರಿ."

"ಅಜೀರ್ಣದಲ್ಲೂ ಒದ್ದಾಡ್ತಾರೆ," ಎಂದರು ಕಾಂಪೌಂಡರು.

"ಪ್ಲಗ್ಗು ಸುಳ್ಳು ಹೇಳಲ್ಲ," ಎಂದರು ಡ್ರೈವರ್ರು.

ಮಕ್ಕಳಿಗೆ ಪೂರ್ವ ಪಶ್ಚಿಮ ಕಲಿಸುವ ಮೇಷ್ಟ್ರಿಗೆ ದಿಕ್ಕೇ ತೋಚದಾಯಿತು. ಬೈಕನ್ನು ನಂಬಬೇಕೋ ಪ್ಲಗ್ಗನ್ನು ನಂಬಬೇಕೋ? ಬೆಳಿಗ್ಗೆ ಚೆನ್ನಾಗಿಯೇ ಇತ್ತಲ್ಲವೇ? ಇತ್ತೋ, ಇರಲಿಲ್ಲವೋ? ಕೊನೆಗೆ ಇಬ್ಬರು ಹಿರಿಯರು ಹೇಳುವಾಗ ತನ್ನದೇನು ಎಂದು ಮೂರನೆಯ, ಎಲ್ಲಕ್ಕಿಂತ ಸಣ್ಣ ಜೆಟ್ಟನ್ನೂ ಹಾಕಿ, ನಾಲ್ಕೂವರೆಗೆ ಸ್ಟೇಷನ್ನಿಗೆ ಹೊರಟರು.

ಸ್ಟೇಷನ್ನು ಇನ್ನೂ ಒಂದು ಮೈಲಿ ಇರುವಾಗ ಇಂಜಿನ್ನು ಕಿರ್ರೆಂದು ಚೀರಿತು, ಹಿಂದಿನ ಚಕ್ರ ಎಳೆದುಕೊಂಡು ನಿಂತಿತು. ಇಂಥ ಇಂಜಿನ್ನಿಗೆ ಆಯಿಲು ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ಪೆಟ್ರೋಲಿಗೆ ಕತ್ತರಿ ಹಾಕುತ್ತ ಹಾಕುತ್ತ ಆಯಿಲಿಗೂ ಹಾಕಿದ್ದರು, ಪಿಸ್ಟನ್ನು ಒಣಗಿ ಕಚ್ಚಿಕೊಂಡಿತ್ತು. ಮೇಷ್ಟ್ರು ಮಾವನಿಗೆ ಫೋನು ಮಾಡಿ ಆಟೋದಲ್ಲಿ ಬನ್ನಿ ಎಂದು ತೊದಲಿ, ಬೈಕನ್ನು ಮನೆಗೆ ತಳ್ಳಿದರು.

ಡ್ರೈವರ್ರೂ ಕಾಂಪೌಂಡರೂ ಇನ್ನೂ ಅಲ್ಲೇ ಕೂತಿದ್ದರು. ಗೇಟಿನಲ್ಲಿ ಟೈಲರು ಕಾಯುತ್ತಿದ್ದ.

"ಮೇಷ್ಟ್ರೇ, ನನ್ನ ಪ್ಲಗ್ಗು ಕ್ಲೀನ್ ಆಯ್ತಾ?"

"ಯಾವ ಪ್ಲಗ್ಗು?"

"ಸ್ಕೂಟರಿಂದು. ಒಂದು ವಾರದಿಂದ ಕಪ್ಪು ಹೊಗೆ ಉಗುಳ್ತಿದೆ. ಬೆಳಿಗ್ಗೆ ಅಕ್ಕನ ಕೈಗೆ ಕೊಟ್ಟಿದ್ನಲ್ಲ."

"ನಾನು ಡಬ್ಬದೊಳಗೆ ಹಾಕಿದ್ದೆ," ಎಂದಳು ಹೆಂಡತಿ. "ಹೇಳೋಕೆ ಬಿಟ್ರಾ ನೀವು?"

ಟೈಲರು ಡಬ್ಬದಿಂದ ಇದ್ದಿಲು ಬಣ್ಣದ ಪ್ಲಗ್ಗು ಎತ್ತಿಕೊಂಡು, "ಹಾಗೇ ಇದೆಯಲ್ಲ ಸಾರ್," ಎಂದು ಮುಖ ಸಣ್ಣ ಮಾಡಿದ. ಮೇಷ್ಟ್ರು ತಮ್ಮ ಬೈಕಿನ ಪ್ಲಗ್ಗು ಬಿಚ್ಚಿ, ಸ್ಪ್ಯಾನರಿನ ಕೊಳವೆಯನ್ನು ಅಂಗೈ ಮೇಲೆ ಕುಟ್ಟಿದರು. ಬೆಳಿಗ್ಗೆಯಿಂದ ಯಾರೂ ನೋಡದೇ ಇದ್ದ ಪ್ಲಗ್ಗು ಅಂಗೈಗೆ ಬಿತ್ತು. ಸೀಮೆಸುಣ್ಣದಷ್ಟು ಬೆಳ್ಳಗಿತ್ತು. ಇಡೀ ದಿನ ಮೂವರೂ ಸೇರಿ ಟೈಲರ ಸ್ಕೂಟರಿನ ಕಾಯಿಲೆಗೆ ಈ ಬೈಕಿಗೆ ಔಷಧಿ ಕುಡಿಸಿದ್ದರು.

ಕಾಂಪೌಂಡರು ಭಾನುವಾರವೆಂಬುದನ್ನೂ ಮರೆತು, ಅಂಗಡಿ ತೆಗೀಬೇಕು ಎಂದು ಎದ್ದರು. ಡ್ರೈವರ್ರು ತಮ್ಮ ಮೆಟ್ಟಿಲಿಗೆ ಹೋಗಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು.

ಅಷ್ಟರಲ್ಲಿ ಆಟೋ ಬಂತು. ಮಾವ ಇಳಿದವರೇ ಚೀಲದಿಂದ ಬೈಕಿನ ಕಾಗದಪತ್ರ ತೆಗೆದು, ನಗುತ್ತ ಮುಂದೆ ಹಿಡಿದರು.

"ರೈಲಲ್ಲೇ ತೀರ್ಮಾನ ಮಾಡಿಬಿಟ್ಟೆ ಅಳಿಯಂದ್ರೇ. ಬೈಕು ನಿಮಗೇ. ದೊಡ್ಡ ಅಳಿಯಂದ್ರ ಕೈ ಸುಮ್ಮನಿರಲ್ಲ, ಸಿಕ್ಕಿದ್ದನ್ನೆಲ್ಲ ಬಿಚ್ತಾರೆ. ನೀವು ಯಾವುದನ್ನೂ ಮುಟ್ಟೋರಲ್ಲ. ಆ ಜೆಟ್ಟು ಹೊಂದಿಸೋಕೆ ನನಗೆ ಒಂದು ವರ್ಷ ಹಿಡಿದಿತ್ತು. ಎಲ್ಲಿ, ಒಂದು ಕಿಕ್ ಹೊಡೀರಿ, ಸದ್ದು ಕೇಳೋಣ."

ಮೇಷ್ಟ್ರು ಕಿಕ್ಕರಿನ ಮೇಲೆ ಕಾಲಿಟ್ಟರು. ಅದು ಕದಲಲಿಲ್ಲ. ಪೂರ್ತಿ ಮೈಭಾರ ಬಿಟ್ಟು ಅದರ ಮೇಲೆಯೇ ನಿಂತರು. ಆಗಲೂ ಕದಲಲಿಲ್ಲ.

ಮಾವ ಕಿಕ್ಕರಿನ ಮೇಲೆ ನಿಂತಿದ್ದ ಅಳಿಯನನ್ನು ನೋಡಿದರು. ಟೂಲ್ ಡಬ್ಬದ ಪಕ್ಕ ಬಿಚ್ಚಿದ್ದ ಪೊಟ್ಟಣವನ್ನೂ ಅದರಲ್ಲಿ ಸಾಲಾಗಿ ಮಲಗಿದ್ದ ಜೆಟ್ಟುಗಳನ್ನೂ ನೋಡಿದರು. ಆಮೇಲೆ ಕಾಗದಪತ್ರವನ್ನು ನಿಧಾನವಾಗಿ ಮಡಿಸಿ ಚೀಲದೊಳಗೆ ಇಟ್ಟುಕೊಂಡರು.

"ಮಗಳೇ," ಎಂದರು, "ನಿಮ್ಮ ಅಕ್ಕನಿಗೆ ಒಂದು ಫೋನ್ ಮಾಡು. ಬರುವಾಗ ಭಾವನಿಗೆ ಆ ಕವರು ತರೋಕೆ ಹೇಳು."